ಇಸ್ತ್ರಿ ಮುರಿಯದ ಸೂಟು

ಎಲ್ಲ ರಗಳೆಗೂ ಕಾರಣ ಮಾಳವ್ವನ ಒಂದು ಮಾತು.

"ಈ ಅಂಗಿ ಹಾಕ್ಕೊಂಡು ವ್ಯಾಪಾರಸ್ಥರ ಕೂಟಕ್ಕ ಹೋದ್ರ ನಿಮ್ಮನ್ನ ಯಾರು ಮಾತಾಡಸ್ತಾರ್ರಿ?" ಎಂದು ಆಕೆ ಗಂಡನನ್ನು ಬಾಗಿಲಲ್ಲೇ ತಡೆದಳು.

ತಿಕೋಟಾದ ದ್ರಾಕ್ಷಿ ಬೆಳೆಗಾರ ಧೂಳಪ್ಪ ವಿಜಯಪುರದ ದೊಡ್ಡ ಹೋಟೆಲಿಗೆ ಹೊರಟಿದ್ದ. ಕಲಬುರಗಿಯಲ್ಲಿ ಹೋಟೆಲು, ಬೇಕರಿ ನಡೆಸುವ ಆಮ್ರಪಾಲಿ ಮೇಡಂ ಅಂದಿನ ಕೂಟಕ್ಕೆ ಬರುವವರಿದ್ದರು. ವರ್ಷಪೂರ್ತಿ ಒಣದ್ರಾಕ್ಷಿ ಪೂರೈಸಲು ಅವರಿಗೆ ಒಬ್ಬರು ಬೇಕಾಗಿದ್ದರು. ಆ ಆರ್ಡರು ಸಿಕ್ಕರೆ ಧೂಳಪ್ಪ ಇನ್ನು ದಲಾಲರ ಮುಂದೆ ಹಲ್ಲು ಗಿಂಜಬೇಕಾಗಿರಲಿಲ್ಲ.

ಗಂಡ ಹೆಂಡಿರ ಮಾತು ಕೇಳಿ ಪಕ್ಕದ ಮನೆಯ ಟೇಲರ್ ನಾಸೀರ ಕರೆಯದೆಯೇ ಬಂದ. ಮದುಮಗನೊಬ್ಬನಿಗೆ ಹೊಲಿದಿಟ್ಟ ಕಪ್ಪು ಸೂಟು, ಕುತ್ತಿಗೆಗೊಂದು ಬೋ ಟೈ ಅವನ ಕೈಯಲ್ಲಿದ್ದವು.

"ಒಂದ ಶರತ್ತು ಧೂಳಪ್ಪಣ್ಣಾ. ನಾಳಿ ಇದನ್ನ ಆ ಹುಡುಗಗ ಕೊಡೂದೈತಿ. ಎಲ್ಲೂ ಕುಂಡ್ರೂಹಂಗಿಲ್ಲ. ಇಸ್ತ್ರಿ ಮುರದ್ರ ನನ್ನ ಮರ್ಯಾದಿ ಹೋಗ್ತೈತಿ," ಎಂದ. ಸೂಟಿನ ಕಾವಲಿಗೆ ತಾನೂ ಹೊರಟ.

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಧೂಳಪ್ಪ ಕಂಬದಂತೆ ನಿಂತೇ ಬಂದ. "ಮೂಲವ್ಯಾಧಿ ಏನ್ರೀ ಸಾಹೇಬ್ರ?" ಎಂದು ಕಂಡಕ್ಟರ್ ಕನಿಕರದಿಂದ ಕೇಳಿದ. ನಾಸೀರ ಕಿಟಕಿಯ ಪಕ್ಕ ಆರಾಮವಾಗಿ ಕುಳಿತು ಹೌದೆಂದು ತಲೆಯಾಡಿಸಿದ.

ಹೋಟೆಲಿನ ಸಭಾಂಗಣದಲ್ಲಿ ವ್ಯಾಪಾರಸ್ಥರೆಲ್ಲ ಸಾದಾ ಅಂಗಿಯಲ್ಲಿ ಕುಳಿತಿದ್ದರು. ಕಪ್ಪು ಸೂಟು ತೊಟ್ಟು, ಬೋ ಕಟ್ಟಿಕೊಂಡು ನಿಂತವರು ಹೋಟೆಲಿನ ವೇಟರುಗಳು ಮತ್ತು ಧೂಳಪ್ಪ. ಬಾಗಿಲು ದಾಟುವಷ್ಟರಲ್ಲೇ ಯಾರೋ ಅವನ ಕೈಗೆ ಎಂಜಲು ತಟ್ಟೆ ಕೊಟ್ಟರು. ಇನ್ನೊಬ್ಬರು, "ಇಲ್ಲಿ ನೀರು!" ಎಂದು ಚಿಟಿಕೆ ಹೊಡೆದರು. ಬೇಡಿದವರಿಗೆ ಇಲ್ಲವೆಂದು ಹೇಳಿ ಅಭ್ಯಾಸವಿಲ್ಲದ ಬಡಪಾಯಿ ನೀರೂ ಕೊಟ್ಟ. ನಾಸೀರ ಮೂಲೆಯ ಟೇಬಲ್ಲಿನಲ್ಲಿ ಭಜಿ ತಿನ್ನುತ್ತ, ಕೂರಬೇಡವೆಂದು ದೂರದಿಂದಲೇ ಸನ್ನೆ ಮಾಡುತ್ತಿದ್ದ.

ಕೊನೆಗೂ ಆಮ್ರಪಾಲಿ ಮೇಡಂ ಕಣ್ಣಿಗೆ ಬಿದ್ದರು. ಅವರ ಎದುರಿಗೆ ಶ್ರೀಮಂತ ಎಂಬ ಹೊನವಾಡದ ದ್ರಾಕ್ಷಿ ವ್ಯಾಪಾರಿ ಕುಳಿತಿದ್ದ. ಧೂಳಪ್ಪ ಹತ್ತಿರ ಹೋಗಿ ಕೈಮುಗಿದ.

"ನಮಸ್ಕಾರ್ರಿ ಮೇಡಂ, ನಾನು..."

"ಬಂದ್ರಾ? ಎರಡ ಚಹಾ ತರ್ರಿ. ಸಕ್ಕರಿ ಕಡಿಮಿ."

ಚಹಾ ಕೊಟ್ಟರೆ ಪರಿಚಯವಾದರೂ ಆದೀತೆಂದು ಧೂಳಪ್ಪ ಓಡಿದ. ದಾರಿಯಲ್ಲಿ ಸಿಕ್ಕ ಟೇಬಲ್ಲಿನವರೆಲ್ಲ ತಮಗೂ ಬೇಕೆಂದರು. ಅವರಿಗೆಲ್ಲ ಕೊಟ್ಟು ಬರುವಷ್ಟರಲ್ಲಿ ಮೇಡಂ ಮತ್ತು ಶ್ರೀಮಂತ ಕೈಕುಲುಕುತ್ತಿದ್ದರು. ಶ್ರೀಮಂತ ಚಹಾ ಕುಡಿದು ನಗುನಗುತ್ತ ಎದ್ದು ಹೋದ.

ಇದೇ ಸಮಯವೆಂದು ಧೂಳಪ್ಪ ಮಾದರಿಗೆಂದು ಪೊಟ್ಟಣದಲ್ಲಿ ತಂದಿದ್ದ ಒಣದ್ರಾಕ್ಷಿಯನ್ನು ಚಹಾದ ಟ್ರೇಯಲ್ಲಿ ಸುರಿದು ಮುಂದೆ ಹಿಡಿದ. ಮೇಡಂ ಒಂದು ಬಾಯಿಗೆ ಹಾಕಿಕೊಂಡರು. ಆಮೇಲೆ ಹಿಡಿ ತುಂಬ ತೆಗೆದುಕೊಂಡರು.

"ಯವ್ವಾ, ಏನ್ ರುಚಿ! ಯಾರವು ಇವು?"

"ನಮ್ಮವ್ರೀ! ನಾ ತಿಕೋಟಾದ ಧೂಳಪ್ಪ. ವೇಟರ್ ಅಲ್ರಿ!" ಸಂತೋಷಕ್ಕೆ ಅವನ ಕಣ್ಣು ತುಂಬಿದವು.

ಮೇಡಂ ಹಣೆ ಬಡಿದುಕೊಂಡರು. "ಅಯ್ಯ, ಮೊದಲ ಹೇಳಬಾರದೇನ್ರಿ? ನೀವು ಚಹಾ ತರೂದ್ರಾಗ ಇಡೀ ವರ್ಷದ ಆರ್ಡರ್ ಶ್ರೀಮಂತ ಅವರಿಗೆ ಕೊಟ್ಟಬಿಟ್ಟೆ. ಕೊಟ್ಟ ಮಾತು ತಪ್ಪಾಕ ಬರೂದಿಲ್ರಿ."

ಧೂಳಪ್ಪನ ಜೀವವೇ ಹೋದಂತಾಯಿತು. ಕೂರಲೆಂದು ಪಕ್ಕದ ಕುರ್ಚಿಗೆ ಕೈ ಚಾಚಿದ.

"ಕುಂಡ್ರಬ್ಯಾಡ್ರಿ!" ನಾಸೀರ ಭಜಿ ಬಿಟ್ಟು ಓಡಿಬಂದು ಅವನ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದ.

ಮೇಡಂ ಸೂಟನ್ನೇ ದಿಟ್ಟಿಸಿದರು. "ಆಗಿಂದ ನೋಡಾಕತ್ತೇನಿ, ಇಷ್ಟ ಓಡ್ಯಾಡಿದ್ರೂ ಇಸ್ತ್ರಿ ಮುರದಿಲ್ಲ. ಹೊಲದಾವ್ರು ಯಾರು?"

"ನಾನ್ರೀ ಮೇಡಂ," ಎಂದ ನಾಸೀರ.

"ನಮ್ಮ ಎಲ್ಲಾ ಹೋಟೆಲಿನ ವೇಟರುಗಳಿಗೂ ಇಂಥಾವ ಬೇಕು. ಆರ್ಡರ್ ನಿಮಗ!"

ನಾಸೀರ ಎದೆಯ ಮೇಲೆ ಕೈಯಿಟ್ಟು ಬಾಗಿದ. ಆಮೇಲೆ ಧೂಳಪ್ಪನ ಬೋ ಸರಿಪಡಿಸಿ, ಬೆನ್ನು ತಟ್ಟಿದ.

"ಧೂಳಪ್ಪಣ್ಣಾ, ಆ ಟ್ರೇ ಹಿಡ್ಕೊಂಡು ಒಂದೀಟು ಆ ಕಡಿಂದ ಈ ಕಡಿ ಅಡ್ಡಾಡ್ರಿ. ಮೇಡಂ ಅವರಿಗೆ ಫಿಟಿಂಗ್ ತೋರಸೂಣು."