ಮ್ಯಾನೇಜರ್ ತಮ್ಮಯ್ಯನ ಕೊಡೆ

ಸ್ಕೂಟರಿನ ಟೈರು ಪಂಕ್ಚರ್ ಆಗಬಹುದಿತ್ತು. ರಸ್ತೆಗೆ ಅಡ್ಡವಾಗಿ ಆನೆ ನಿಂತು, ಅದಕ್ಕೆ ಮನಸ್ಸು ಬಂದು ಸರಿಯುವಷ್ಟರಲ್ಲಿ ಮ್ಯಾಚೇ ಮುಗಿದುಹೋಗಬಹುದಿತ್ತು. ಮಳೆ ಸುರಿದು ಮೈದಾನ ನಾಟಿಗೆ ಹದಮಾಡಿದ ಗದ್ದೆಯಂತಾಗಿ ಆಟ ಮುಂದಕ್ಕೆ ಹೋಗಬಹುದಿತ್ತು. ಮಗಳು ಗ್ಲೌಸ್ ಮನೆಯಲ್ಲೇ ಮರೆತಿರಬಹುದಿತ್ತು, ಬಾಲು ಬಡಿದು ಬೆರಳು ಊದಿಕೊಳ್ಳಬಹುದಿತ್ತು, ಮೊದಲನೇ ಬಾಲೇ ಅವಳ ಕಾಲ ಸಂದಿಯಲ್ಲಿ ನುಸುಳಿ ಗೋಲಾಗಿ ಅವಳು ಜೀವಮಾನವಿಡೀ ಫುಟ್‌ಬಾಲ್ ಎಂಬ ಮಾತೆತ್ತಿದರೆ ಎದ್ದು ಹೋಗುವಂತಾಗಬಹುದಿತ್ತು. ನಮ್ಮೂರಿನ ಯಾರಾದರೂ ನನ್ನನ್ನು ಶಿರಂಗಾಲದ ಮೈದಾನದಲ್ಲಿ ಕಂಡುಬಿಡಬಹುದಿತ್ತು. ಎಲ್ಲಕ್ಕಿಂತ ಭಯಂಕರವೆಂದರೆ, ಶಿರಂಗಾಲದ ಮ್ಯಾನೇಜರ್ ತಮ್ಮಯ್ಯನವರು ಮೈಕಿನಲ್ಲಿ ನನ್ನ ಹೆಸರು ಹಿಡಿದು ಸ್ವಾಗತ ಕೋರಿ, ಕೊರಳಿಗೆ ಹಾರ ಹಾಕಿ, ಆ ಫೋಟೋ ನಾನು ಮನೆ ಸೇರುವುದರೊಳಗೆ ಶನಿವಾರಸಂತೆಯ ಎಲ್ಲ ಮೊಬೈಲುಗಳಿಗೂ ಬಂದಿರಬಹುದಿತ್ತು. ಆ ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಕಡೆಗೆ ಕೆಟ್ಟದ್ದು ಸಣ್ಣದೊಂದು ಸಂಗತಿ. ಅದೊಂದನ್ನು ಮಾತ್ರ ನಾನು ಯೋಚಿಸಿರಲಿಲ್ಲ.

ಯೋಚಿಸುವುದರಲ್ಲಿ ನನಗೆ ಅನುಭವ ಸಾಲದು ಎಂದು ಯಾರೂ ಹೇಳುವಂತಿಲ್ಲ. ನನ್ನದು ಶನಿವಾರಸಂತೆಯಲ್ಲಿ ಗೊಬ್ಬರದ ಅಂಗಡಿ. "ಬೇರೆಯವರು ಚಿಂತೆ ಮಾಡ್ತಾರೆ, ನೀವು ಚಿಂತೇನ ಬಿತ್ತಿ ಬೆಳೀತೀರಿ. ಗೊಬ್ಬರಕ್ಕೂ ಬರ ಇಲ್ಲ" ಎಂದು ನನ್ನ ಹೆಂಡತಿ ಸರೋಜ ಹೇಳುತ್ತಾಳೆ. ನಾನು ಕಾಫಿಯ ಚಿಂತೆ ಮಾಡುತ್ತೇನೆ, ನಮಗೆ ತೋಟವಿಲ್ಲ. ಶುಂಠಿಗೆ ಕೊಳೆರೋಗ ಬಂದೀತೆಂದು ನಿದ್ದೆಗೆಡುತ್ತೇನೆ, ಶುಂಠಿ ಹಾಕಿದವನು ಗೊರಕೆ ಹೊಡೆಯುತ್ತಿರುತ್ತಾನೆ. ಆದರೆ ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಗೊಬ್ಬರ ಹಾಕಿ ಬೆಳೆಸಿದ ಚಿಂತೆ ಎಂದರೆ ತಮ್ಮಯ್ಯನವರದೇ.

ಕೊಡಗು ಎಂದರೆ ಹಾಕಿ ಎಂದು ಹೊರಗಿನವರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನಮ್ಮ ಉತ್ತರದ ಕಡೆ ಬಂದು ನೋಡಬೇಕು. ಎಸ್ಟೇಟಿನ ಕೂಲಿ ಲೈನುಗಳ ಹುಡುಗರಿಗೂ ಸಂತೆಬೀದಿಯ ಹುಡುಗರಿಗೂ ಮಳೆಗಾಲದ ಕೆಸರಿನಲ್ಲಿ ಫುಟ್‌ಬಾಲ್ ಬಿಟ್ಟರೆ ಬೇರೆ ಲೋಕವಿಲ್ಲ. ನಮ್ಮೂರಿನ ತಂಡ ಸಂತೆ ಇಲೆವೆನ್. ಶಿರಂಗಾಲದವರದು ಹೊಳೆದಂಡೆ ಬಾಯ್ಸ್. ಅವರ ಮ್ಯಾನೇಜರ್ ತಮ್ಮಯ್ಯ ಹೊಳೆಯ ಪಕ್ಕದಲ್ಲಿ ಭತ್ತ ಬೆಳೆಯುವ ಮನುಷ್ಯ. ತೆಳ್ಳಗೆ, ಬೆಳ್ಳಗೆ, ಯಾವಾಗಲೂ ಒಗೆದ ಅಂಗಿ, ಮುಖದಲ್ಲಿ ಯಾವಾಗಲೂ ಒಂದು ನಗೆ. ಆ ನಗೆಯೇ ಮೊದಲ ಆರೋಪ. ಎರಡನೆಯದು, ಅವರು ಆಟಗಾರರನ್ನು ಕೇರಳದಿಂದ ಮಾಕುಟ್ಟದ ಘಾಟಿ ಹತ್ತಿಸಿ ತರಿಸುತ್ತಾರೆ, ಚೆಕ್‌ಪೋಸ್ಟ್ ದಾಟುವಾಗ ಮಲಯಾಳ ಮಾತಾಡುತ್ತಿದ್ದವರು ಮೈದಾನಕ್ಕಿಳಿಯುವಾಗ ಶಿರಂಗಾಲದಲ್ಲೇ ಹುಟ್ಟಿದವರಾಗಿರುತ್ತಾರೆ ಎಂಬುದು. ನಾವೂ ತರಿಸುತ್ತೇವೆ, ಆದರೆ ನಮ್ಮವರು ಸೋಲುವುದರಿಂದ ಅದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ಮೂರನೆಯದು ಕೊಡೆ.

ತಮ್ಮಯ್ಯನವರು ಮೈದಾನದ ಗೆರೆಯ ಹೊರಗೆ ಒಂದು ಕಪ್ಪು ಕೊಡೆ ಹಿಡಿದು ನಿಲ್ಲುತ್ತಾರೆ. ಮಳೆ ಇದ್ದರೆ ಸರಿ, ಬಿಸಿಲಿದ್ದರೂ ಹಿಡಿಯುತ್ತಾರೆ, ಎರಡೂ ಇಲ್ಲದಾಗ ಒಮ್ಮೊಮ್ಮೆ ಬಿಚ್ಚುತ್ತಾರೆ, ಒಮ್ಮೊಮ್ಮೆ ಮಡಚುತ್ತಾರೆ. ಇದರ ಅರ್ಥವೇನೆಂದು ನನ್ನ ಅಂಗಡಿಯ ಗೊಬ್ಬರದ ಮೂಟೆಗಳ ಮೇಲೆ ಕೂತು ನಮ್ಮ ಕಮಿಟಿ ವರ್ಷಗಟ್ಟಲೆ ಚರ್ಚಿಸಿದೆ. ಕಮಿಟಿ ಎಂದರೆ ನಾನು, ಆಟೋ ಓಡಿಸುವ ಪುಟ್ಟರಾಜು ಮತ್ತು ಬೇಕರಿಯ ಅಬ್ಬಾಸ್ ಕಾಕ.

"ಬಿಚ್ಚಿದ್ರೆ ಎಲ್ರೂ ಹಿಂದಕ್ಕೆ ಬನ್ನಿ ಅಂತ. ಮಡಚಿದ್ರೆ ನುಗ್ಗಿ ಅಂತ. ಎಡಕ್ಕೆ ವಾಲಿಸಿದ್ರೆ ಎಡಗಡೆಯಿಂದ. ಇದು ಪಕ್ಕಾ ಶೇಖ್ರಣ್ಣ, ನಾನು ಬರೀ ಕೊಡೆ ನೋಡ್ಕೊಂಡೇ ಒಂದು ಫೈನಲ್ ಪೂರ್ತಿ ಕಳ್ದಿದೀನಿ" ಎನ್ನುತ್ತಾನೆ ಪುಟ್ಟರಾಜು.

"ಎಂತ ಸಾವು ಮಾರಾಯ! ಮತ್ತೆ ಗೋಲು ಯಾರು ಹೊಡೆದದ್ದು ಅಂತ ನೋಡಿದ್ಯಾ?" ಎಂದು ಕಾಕ.

"ಗೋಲ್ ನೋಡೋಕೆ ಪುರುಸೊತ್ತೆಲ್ಲಿತ್ತು?"

ಕೊಡೆ ಇರುವುದು ಲೈನ್ಸ್‌ಮನ್‌ನ ಕಣ್ಣು ಮರೆಮಾಡಲಿಕ್ಕೆ ಎಂಬುದು ನನ್ನ ಸಿದ್ಧಾಂತ. ಅದನ್ನು ನಾನು ಮೈದಾನದ ಮೆಟ್ಟಿಲ ಮೇಲಿಂದ, ದೇವರು ಕೊಟ್ಟ ದನಿಯಲ್ಲಿ, ಪ್ರತಿ ಮ್ಯಾಚಿನಲ್ಲೂ ಸಾರುತ್ತ ಬಂದಿದ್ದೇನೆ. ಒಂದು ವರ್ಷ ನಮ್ಮ ಮ್ಯಾನೇಜರಿಗೂ ಕೊಡೆ ಕೊಡಿಸಿದೆವು. ನಿರ್ಣಾಯಕ ಗಳಿಗೆಯಲ್ಲಿ ಅವರು ಅದನ್ನು ಬಿಚ್ಚಿದರು, ಗಾಳಿಗೆ ಅದು ತಿರುಗುಮುರುಗಾಗಿ ತಾವರೆಯಂತೆ ಅರಳಿತು, ಅದೇನು ಸೂಚನೆಯೆಂದು ನಮ್ಮ ಗೋಲ್‌ಕೀಪರ್ ಬೆರಗಾಗಿ ನೋಡುತ್ತಿರುವಾಗ ಅವನ ಪಕ್ಕದಲ್ಲೇ ಬಾಲು ಒಳಗೆ ಹೋಯಿತು. ಅಂದಿನಿಂದ ತಮ್ಮಯ್ಯನವರ ಮೇಲಿನ ನಮ್ಮ ಸಿಟ್ಟಿಗೆ ಒಂದು ಘನತೆ ಬಂತು.

ಹೀಗಿರುವಾಗ ಒಂದು ಶನಿವಾರ, ಸಂತೆಯ ನಟ್ಟನಡುವಿನ ಹೊತ್ತಿನಲ್ಲಿ, ಆ ಕೊಡೆ ನನ್ನ ಅಂಗಡಿಯ ಮುಂದೆ ಬಂದು ಮಡಚಿಕೊಂಡಿತು. ಹಿಂದೆಯೇ ತಮ್ಮಯ್ಯನವರು ಒಳಗೆ ಬಂದರು. ಪುಟ್ಟರಾಜು ಮೂಟೆಯ ಮೇಲಿಂದ ಇಳಿದು ನಿಂತ. ಕಾಕ ಕೈಯಲ್ಲಿದ್ದ ಬನ್ನನ್ನು ಬಾಯಿಗೆ ಹಾಕುವುದನ್ನು ಮರೆತರು.

"ಸುಣ್ಣ ಇದೆಯಾ ಸ್ವಾಮಿ? ಗ್ರೌಂಡಿಗೆ ಲೈನ್ ಹಾಕ್ಬೇಕಿತ್ತು."

"ಇದೆ" ಎಂದೆ, ಬಹಳ ಮೆಲ್ಲಗೆ. "ಎಷ್ಟು ಬೇಕು?"

ಅವರು ತಲೆ ಓರೆ ಮಾಡಿದರು. "ಸ್ವಲ್ಪ ಜೋರಾಗಿ ಮಾತಾಡಿ ನೋಡೋಣ."

"ಏನು ಮಾತಾಡ್ಲಿ?"

"ಅದೇ! ಅದೇ ದನಿ. ಮೆಟ್ಟಿಲ ಮೇಲಿನ ಸಾಲು ಅಲ್ವಾ? ಎಷ್ಟೋ ವರ್ಷದಿಂದ ಕೇಳಿಸ್ಕೊಂಡು ಬಂದಿದೀನಿ, ಮುಖ ನೋಡೋ ಭಾಗ್ಯ ಇವತ್ತು ಸಿಕ್ತು ನೋಡಿ." ನಗು ಹಾಗೆಯೇ ಇತ್ತು. ಎದುರಿಗಿದ್ದ ಯೂರಿಯಾ ಮೂಟೆಯೊಳಗೆ ಇಳಿದು ಬಾಯಿ ಹೊಲಿಸಿಕೊಳ್ಳಬೇಕೆನಿಸಿತು ನನಗೆ. ಅವರು ಮುಂದುವರಿಸಿದರು. "ಸುಣ್ಣ ಕುಶಾಲನಗರದಲ್ಲೂ ಸಿಗುತ್ತೆ. ನಾನು ಬಂದಿದ್ದು ನಿಮ್ಮ ಮಗಳ ವಿಷಯಕ್ಕೆ. ಗೋಲಿನ ಹಿಂದೆ ನಿಂತಿರ್ತಾಳಲ್ಲ, ಆ ಹುಡುಗಿ ನಿಮ್ಮವಳೇ ಅಂತ ಗೊತ್ತಾಯ್ತು."

ಇದಕ್ಕೆ ಸ್ವಲ್ಪ ವಿವರಣೆ ಬೇಕು. ನಮ್ಮೂರ ಗೋಲಿಗೆ ಬಲೆ ಇಲ್ಲ. ಬಲೆ ಹಸಿರಿರಬೇಕೋ ಬಿಳಿಯಿರಬೇಕೋ ಎಂಬುದು ಕಮಿಟಿಯ ಮುಂದಿದೆ. ಹಾಗಾಗಿ ಗೋಲಾದ ಬಾಲು ನೇರ ಕಾಫಿತೋಟದೊಳಗೆ ಹೋಗುತ್ತದೆ. ಅದು ಹೋಗದಂತೆ ಹಿಂದೆ ನಿಂತು ಹಿಡಿಯುವುದು ಪಿಯುಸಿ ಓದುತ್ತಿರುವ ನನ್ನ ಮಗಳು ಚೈತ್ರಳ ಚಿಕ್ಕಂದಿನ ಅಭ್ಯಾಸ. ನಾನು ಅದನ್ನು ತಂಡಕ್ಕೆ ಮಾಡುವ ಸೇವೆ ಎಂದುಕೊಂಡಿದ್ದೆ.

"ನಿಮ್ಮ ಕೀಪರ್ ಬಿಟ್ಟಿದ್ದನ್ನೆಲ್ಲ ಅವಳು ಹಿಡೀತಾಳೆ" ಎಂದರು ತಮ್ಮಯ್ಯ. "ಅದಕ್ಕಿಂತ ಹೆಚ್ಚಾಗಿ, ಅಲ್ಲಿಂದಲೇ ಬ್ಯಾಕ್‌ಗಳಿಗೆ ಕೂಗಿ ಹೇಳ್ತಾಳೆ, ಎಡಕ್ಕೆ ಬಾ, ಅವನನ್ನ ಬಿಡಬೇಡ ಅಂತ. ನಿಮ್ಮವರು ಕೇಳಲ್ಲ, ಅದು ಬೇರೆ ಮಾತು. ಕೀಪರ್‌ಗೆ ಕೈ ಆಮೇಲೆ, ಮೊದಲು ದನಿ ಬೇಕು. ಆ ದನಿ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು. ಹುಡುಗೀರ ಟೀಮ್ ಕಟ್ತಾ ಇದ್ದೀನಿ. ನೀವು ಹೂಂ ಅಂದ್ರೆ ಕಳಿಸಿಕೊಡಿ."

ಸುಣ್ಣದ ಮೂಟೆ ಕೊಡುತ್ತ, ಯೋಚಿಸಿ ಹೇಳುತ್ತೇನೆಂದೆ. ನಾನು ಯೋಚಿಸುತ್ತೇನೆಂದರೆ ಏನೆಂದು ಪಾಪ ಅವರಿಗೆ ಗೊತ್ತಿರಲಿಲ್ಲ.

ಅವರು ಬೀದಿಯ ತಿರುವು ದಾಟುವ ಮೊದಲೇ ಪುಟ್ಟರಾಜು ಬಾಯಿಬಿಟ್ಟ. "ಪ್ಲ್ಯಾನು! ನಮ್ಮ ಟೀಮಿನ ವೀಕ್ನೆಸ್ ಎಲ್ಲ ಹುಡುಗಿ ಬಾಯಿಂದ ತಿಳ್ಕೊಳ್ಳೋಕೆ."

"ನಮ್ಮ ವೀಕ್ನೆಸ್ ತಿಳೀಲಿಕ್ಕೆ ಹುಡುಗಿ ಎಂತಕ್ಕೆ? ಕಣ್ಣಿದ್ದರೆ ಸಾಕು" ಎಂದರು ಕಾಕ. ಆದರೂ ಅವರ ಮುಖ ಸಪ್ಪಗಾಗಿತ್ತು. "ಆದರೂ ನಮ್ಮ ಮಗು ಶಿರಂಗಾಲದ ಜರ್ಸಿ ಹಾಕುದು ಅಂದರೆ..."

ಮನೆಯಲ್ಲಿ ಚೈತ್ರ ವಾದ ಮಾಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದಳು: "ಅಪ್ಪ, ನಮ್ಮೂರಲ್ಲೇ ಹುಡುಗೀರ ಟೀಮ್ ಮಾಡಿ, ನಾನು ಇಲ್ಲೇ ಆಡ್ತೀನಿ. ಇಲ್ಲ ಅಂದ್ರೆ ಅಲ್ಲಿಗೆ ಕಳ್ಸಿ. ಎರಡೂ ಇಲ್ಲ ಅಂದ್ರೆ ಮುಂದಿನ ವರ್ಷ ನನಗೆ ಬೇರೆ ಕಡೆ ಕಾಲೇಜು, ಆಟ ಅಲ್ಲಿಗೆ ಮುಗೀತು. ಗೋಲಿನ ಹಿಂದೇನೇ ಇದ್ದು ಮುಗೀತು ಅಷ್ಟೇ." ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಬಹುದಿತ್ತು.

ನಾನು ಕಮಿಟಿಯ ಮುಂದೆ ಹುಡುಗಿಯರ ತಂಡದ ಪ್ರಸ್ತಾಪವಿಟ್ಟೆ. ಮಳೆ ಕಳೆಯಲಿ ಎಂದು ತೀರ್ಮಾನವಾಯಿತು. ಯಾವ ಮಳೆ ಎಂದು ತೀರ್ಮಾನವಾಗಲಿಲ್ಲ. ಅವತ್ತು ಸಂಜೆ ಸರೋಜ ನನ್ನ ತಟ್ಟೆಗೆ ಅನ್ನ ಬಡಿಸುತ್ತ, "ಆ ಮನುಷ್ಯ ಕೊಡೆ ಬಿಚ್ತಾನೋ ಮಡಚ್ತಾನೋ, ಅದು ಅವನ ಹೆಂಡ್ತಿ ಚಿಂತೆ. ಇಡೀ ಜಿಲ್ಲೆಯಲ್ಲಿ ನಮ್ಮ ಹುಡುಗೀನ ಸರಿಯಾಗಿ ನೋಡಿದೋನು ಅವನೊಬ್ಬನೇ. ನೀವು ಹೂಂ ಅಂತೀರೋ, ನಾನು ಫೋನ್ ಮಾಡಿ ಅನ್ಲೋ?" ಎಂದಳು. ನಾನೇ ಅಂದೆ.

ಕಮಿಟಿ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ಚೈತ್ರ ಆಡಲಿ, ಆದರೆ ಶಿರಂಗಾಲದ ಮೈದಾನಕ್ಕೆ ಕಮಿಟಿಯ ಯಾರೂ ಕಾಲಿಡಬಾರದು ಎಂಬ ನಿರ್ಣಯವಾಯಿತು. ನಿರ್ಣಯ ಮಂಡಿಸಿದವನು ನಾನೇ. ಉಳಿದಿಬ್ಬರು ವಿರೋಧಿಸುತ್ತಾರೆ, ಆಗ ಅವರ ಒತ್ತಾಯಕ್ಕೆ ಮಣಿದು ಹೋದಂತಾಗುತ್ತದೆ ಎಂದು ನನ್ನ ಲೆಕ್ಕಾಚಾರ. ಅವರು ಮರುಮಾತಿಲ್ಲದೆ ಒಪ್ಪಿಬಿಟ್ಟರು.

ಚೈತ್ರ ವಾರಕ್ಕೆರಡು ಸಲ ಬಸ್ಸಿನಲ್ಲಿ ಶಿರಂಗಾಲಕ್ಕೆ ಹೋಗಿ ಬರತೊಡಗಿದಳು. ಬಂದವಳ ಮುಖದಲ್ಲಿ ಕೆಸರೂ ಖುಷಿಯೂ ಒಟ್ಟಿಗೇ ಇರುತ್ತಿದ್ದವು. ಒಂದು ದಿನ ಅಂಗಡಿಗೆ ಬಂದವಳನ್ನು ಪುಟ್ಟರಾಜು ತಡೆದು, "ಕೊಡೆ ಸಮಾಚಾರ ಏನಮ್ಮ?" ಎಂದು ಕೇಳಿಯೇಬಿಟ್ಟ.

"ಅದಾ? ಅವರಿಗೆ ಬಿಸಿಲು ತಾಗಿದ್ರೆ ತಲೆನೋವು ಬರುತ್ತಂತೆ. ಕೈ ನೋವು ಬಂದಾಗ ಮಡಚ್ತಾರೆ."

ಚೈತ್ರ ಹೋದ ಮೇಲೆ ಪುಟ್ಟರಾಜು ಮತ್ತೆ ಮೂಟೆಯ ಮೇಲೇರಿ ಕೂತು, "ಹಂಗಂತ ಹೇಳಿಕೊಟ್ಟವ್ನೆ. ಹುಷಾರ್ ಮನುಷ್ಯ" ಎಂದ.

ಕೊನೆಗೆ ಮ್ಯಾಚಿನ ಭಾನುವಾರ ಬಂತು. ಎದುರಾಳಿಗಳು ಮಡಿಕೇರಿ ಕಡೆಯ ಒಂದು ಹುಡುಗಿಯರ ತಂಡ. ಚೈತ್ರ ಅಮ್ಮನ ಜೊತೆ ಬೆಳಿಗ್ಗೆಯ ಬಸ್ಸಿಗೇ ಹೋದಳು. ಗೊಬ್ಬರದ ಕಂಪನಿಯ ಮೀಟಿಂಗಿಗೆ ಹಾಸನಕ್ಕೆ ಹೋಗುತ್ತೇನೆಂದು ನಾನು ಕಮಿಟಿಗೆ ಹೇಳಿದೆ. ಭಾನುವಾರ ಯಾವ ಕಂಪನಿಯ ಮೀಟಿಂಗ್ ಎಂದು ಯಾರೂ ಕೇಳದಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು. ಸ್ಕೂಟರಿನ ಟೈರು ಗಟ್ಟಿಯಾಗಿತ್ತು. ಆನೆ ಬರಲಿಲ್ಲ. ಆಕಾಶ ತಿಳಿಯಾಗಿತ್ತು. ಶಿರಂಗಾಲದಲ್ಲಿ ಹೆಲ್ಮೆಟ್ ತೆಗೆಯದೆಯೇ ಜನರ ಹಿಂದೆ ಹೋಗಿ ಒಂದು ಮರದ ಮರೆಯಲ್ಲಿ ನಿಂತೆ. ಮರದ ಆ ಬದಿಯಲ್ಲಿ ಮಂಕಿಕ್ಯಾಪ್ ಹಾಕಿದವರೊಬ್ಬರು ನಿಂತಿದ್ದರು. ಆ ಬಿಸಿಲಿನಲ್ಲಿ ಮಂಕಿಕ್ಯಾಪ್ ಯಾಕೆಂದು ಬಗ್ಗಿ ನೋಡಿದರೆ ಕಾಕ.

"ತಂಗಿ ಮನೆ ಕುಶಾಲನಗರದಲ್ಲಿ ಉಂಟಲ್ಲ" ಎಂದರು ಕಾಕ.

"ಹಾಸನ ಮೀಟಿಂಗು ಬೇಗ ಮುಗೀತು" ಎಂದೆ ನಾನು.

"ಮದುವೆ ಬಾಡಿಗೆ ಇತ್ತು, ಗಂಡಿನ ಕಡೆಯವ್ರು ದಾರಿ ತಪ್ಸಿದ್ರು" ಎಂದು ಹಿಂದಿನಿಂದ ಪುಟ್ಟರಾಜುವಿನ ದನಿ ಬಂತು. ಖಾಲಿ ಆಟೋ ಅವನ ಬೆನ್ನ ಹಿಂದೆಯೇ ನಿಂತಿತ್ತು. ಮೂವರೂ ಗೌರವದಿಂದ ಬೇರೆ ಬೇರೆ ದಿಕ್ಕು ನೋಡಿದೆವು.

ಅಷ್ಟರಲ್ಲಿ ವಿಸಿಲ್ ಕೇಳಿಸಿತು. ನನ್ನ ಅಂಗಡಿಯ ಸುಣ್ಣದ ಗೆರೆಯ ಮೇಲೆ, ಬಲೆ ಇರುವ ಗೋಲಿನ ಮುಂದೆ, ನನ್ನ ಮಗಳು ನಿಂತಿದ್ದಳು. ಹಿಂದೆ ಅಲ್ಲ, ಮುಂದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಯಿತೆಂದು ಅದನ್ನು ತೆಗೆದುಬಿಟ್ಟೆ. ಅವಳು "ಎಡಕ್ಕೆ ಬಾರೇ! ಅವಳನ್ನ ಹಿಡಿ!" ಎಂದು ಕೂಗಿದರೆ ಹೊಳೆಯ ಆಚೆ ದಡಕ್ಕೂ ಕೇಳಬೇಕು. ಈ ಸಲ ಬ್ಯಾಕ್‌ಗಳು ಅವಳ ಮಾತು ಕೇಳುತ್ತಿದ್ದರು. ಒಂದು ಗೋಲು ಬಿಟ್ಟಳು. ತಮ್ಮಯ್ಯನವರು ಕೊಡೆಯ ಕೆಳಗಿನಿಂದ ಏನೋ ಹೇಳಿದರು, ಅವಳು ತಲೆಯಾಡಿಸಿ ಗ್ಲೌಸ್ ಬಿಗಿಮಾಡಿಕೊಂಡಳು. ಆಮೇಲೆ ಹಾರಿ ಹಿಡಿದ ಒಂದು ಬಾಲಿಗೆ ಇಡೀ ಶಿರಂಗಾಲ ಎದ್ದು ನಿಂತಿತು.

"ಒಳ್ಳೆ ಮನುಷ್ಯ ಮಾರಾಯ ಈ ತಮ್ಮಯ್ಯ. ನಾನು ಮೊದಲಿಂದ ಹೇಳ್ತಿದ್ದೆ" ಎಂದರು ಕಾಕ.

"ಕೊಡೆ ಹಿಡಿಯೋದ್ರಲ್ಲೇ ಒಂದು ಲಕ್ಷಣ ಐತೆ" ಎಂದ ಪುಟ್ಟರಾಜು. "ಆದ್ರೆ ಆ ಕಡೆ ಮ್ಯಾನೇಜರಮ್ಮನ್ನ ನೋಡಿದ್ರಾ?"

ನೋಡಿದ್ದೆ. ನಾನೇ ಮೊದಲು ನೋಡಿದ್ದೆ. ಬಿಳಿ ಟೋಪಿ ಹಾಕಿಕೊಂಡ ಆ ಹೆಂಗಸು ಮಾತಿಲ್ಲದೆ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲೊಂದು ಫ್ಲಾಸ್ಕ್. ಅವರು ಅದರ ಮುಚ್ಚಳ ತಿರುಗಿಸಿದಾಗಲೆಲ್ಲ ಅವರ ಹುಡುಗಿಯರು ಬಲಗಡೆಯಿಂದ ನುಗ್ಗುತ್ತಿದ್ದರು. ಒಂದು ಸಲವಲ್ಲ, ಎರಡು ಸಲ ಗಮನಿಸಿದೆ. ಮೂರನೆಯ ಸಲ ಮುಚ್ಚಳಕ್ಕೆ ಕೈ ಹೋಗುತ್ತಿದ್ದಂತೆ, ಮಗಳ ಗೋಲನ್ನು ಕಾಯುವ ಹೊಣೆ ನನ್ನ ಮೇಲೆ ಬಂದಂತಾಗಿ, ಮರದ ಮರೆಯಿಂದ ಈಚೆ ಬಂದು ದೇವರು ಕೊಟ್ಟ ದನಿಯಲ್ಲಿ ಕೂಗಿದೆ: "ಫ್ಲಾಸ್ಕ್ ಮುಚ್ರೀ ಮೇಡಂ! ನಿಮ್ಮ ಕಾಫಿ ಏನು ಅಂತ ನಮಗೆ ಗೊತ್ತಿದೆ!" ಮೈದಾನವಿಡೀ ನನ್ನ ಕಡೆ ತಿರುಗಿತು. ತಮ್ಮಯ್ಯನವರು ತಿರುಗದೆಯೇ ಕೊಡೆಯನ್ನು ಕೊಂಚ ಕೆಳಗಿಳಿಸಿಕೊಂಡರು.

ಮ್ಯಾಚು ಒಂದು-ಒಂದರ ಸಮದಲ್ಲಿ ಮುಗಿಯಿತು. ಆ ಮೇಡಂ ನೇರವಾಗಿ ಚೈತ್ರಳ ಬಳಿಗೆ ಬಂದು ಭುಜ ಹಿಡಿದು ಬಹಳ ಹೊತ್ತು ಮಾತಾಡುವುದನ್ನು ದೂರದಿಂದ ಕಂಡೆ. ಸ್ವಲ್ಪ ಹೊತ್ತಿಗೆ ಚೈತ್ರ ಓಡುತ್ತ ಬಂದಳು. ಮೂಗಿನ ಮೇಲೂ ಕೆಸರು.

"ಅಪ್ಪ, ಜಿಲ್ಲಾ ಟೀಮಿನ ಕ್ಯಾಂಪಿಗೆ ಹುಡುಗೀರನ್ನ ಆರಿಸೋದು ಅವರೇ ಅಂತೆ. ನನ್ನ ಹೆಸರು ತಗೊಂಡ್ರು. ಮುಂದಿನ ತಿಂಗಳೇ ಬಾ ಅಂದ್ರು!"

ಹಿಂದೆಯೇ ಬಂದ ಸರೋಜ ಅವಳ ಮುಖವನ್ನು ಸೆರಗಿನಿಂದ ಒರೆಸಿದಳು. ಪುಟ್ಟರಾಜು ಸುಮ್ಮಸುಮ್ಮನೆ ಆಟೋದ ಹಾರನ್ ಹೊಡೆದ. ಕಾಕ ಮಂಕಿಕ್ಯಾಪ್ ತೆಗೆದು ಕಣ್ಣೊರೆಸಿಕೊಂಡರು. ನಾನು ಮಾತ್ರ ಹೆಲ್ಮೆಟ್ ಮತ್ತೆ ತಲೆಗೇರಿಸಿಕೊಂಡೆ.

"ಮತ್ತೆ... ಬೇರೇನಾದ್ರೂ ಕೇಳಿದ್ರಾ?"

"ಹೂಂ. ಫ್ಲಾಸ್ಕ್ ಮುಚ್ಚಿ ಅಂತ ಕೂಗಿದ್ರಲ್ಲ, ಅವರು ನಿನಗೆ ಗೊತ್ತಾ ಅಂತ ಕೇಳಿದ್ರು."

"ನೀನು ಏನಂದೆ?"

ಚೈತ್ರ ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಅಮ್ಮನ ಮುಖ ನೋಡಿದಳು, ಆಮೇಲೆ ನನ್ನ ಮುಖ.

"ಗೊತ್ತಿಲ್ಲ ಮೇಡಂ, ಯಾರೋ ಶಿರಂಗಾಲದವರು ಇರಬೇಕು ಅಂದೆ."