ರೊಟ್ಟಿ ಬಡಿಯುವ ಬೆನ್ನು, ಲಟಕ್ಕೆನ್ನಿಸುವ ಡಾಕ್ಟರು

ನಾನು ಹೊಸ ಜಾಗಕ್ಕೆ ಹೋಗಿ ಸುಮ್ಮನೆ ಮನೆಗೆ ಬಂದದ್ದೇ ಇಲ್ಲ. ಏನಾದರೊಂದು ಆಗಿಯೇ ಆಗುತ್ತದೆ. ಬೆಟಗೇರಿಯಲ್ಲಿ ನನ್ನದು ಖಡಕ್ ರೊಟ್ಟಿ ಅಂಗಡಿ. ಒಬ್ಬಳೇ ಕಟ್ಟಿದ್ದು. ಓದು ಕಲಿತದ್ದೂ ಅಲ್ಲೇ, ರೊಟ್ಟಿ ಸುತ್ತುವ ಹಳೇ ಪೇಪರಿನಿಂದ. ಹೋದ ಚಳಿಗಾಲ ಒಲೆಯ ಮುಂದೆ ಕೂತವಳಿಗೆ ಬೆನ್ನು ಹಿಡಿದು ಏಳಲಾಗಲಿಲ್ಲ. ರೊಟ್ಟಿ ಮಷೀನು ತರೋಣ ಎಂದಳು ಸೊಸೆ. ಮಷೀನಿನ ರೊಟ್ಟಿಗೆ ನನ್ನ ಅಂಗಡಿಯ ಹೆಸರೇ? ಔಷಧಿಯಿಲ್ಲದೆ ಕೈಯಿಂದಲೇ ಬೆನ್ನು ಸರಿಮಾಡುವ ಕೈರೊಪ್ರ್ಯಾಕ್ಟರ್ ಗದಗಿಗೆ ಬಂದಿದ್ದಾರೆಂದು ಓದಿದ್ದೆ. ನೆರೆಮನೆಯ ಅಜ್ಜಿಯನ್ನು ಜೊತೆ ಮಾಡಿಕೊಂಡು ಹೊರಟೇಬಿಟ್ಟೆ.

ನಡೆದು ತೋರಿಸ್ರಿ

ಡಾಕ್ಟರು ಎಳೇ ವಯಸ್ಸಿನ ಹೆಣ್ಣುಮಗಳು, ನಮ್ಮ ಕಡೆಯವರೇ. ಬೆನ್ನು ಮುಟ್ಟುವ ಮುಂಚೆ ಕೇಳಿದ್ದೇ ಕೇಳಿದ್ದು: ಹೇಗೆ ಮಲಗುತ್ತೀರಿ, ಎಂದಾದರೂ ಬಿದ್ದಿದ್ದೀರಾ, ಕಾಲು ಜೋಮು ಹಿಡಿಯುತ್ತದೆಯೇ. ಆಮೇಲೆ ನಡೆಸಿದರು, ಬಗ್ಗಿಸಿದರು, ತಿರುಗಿಸಿದರು.

"ಕನ್ಯಾ ನೋಡಾಕ ಬಂದಾಗೂ ನನ್ನ ಇಷ್ಟು ನಡಿಸಿದ್ದಿಲ್ಲವ್ವಾ," ಅಂದೆ.

"ಅವರು ಮಾರಿ ನೋಡಿ ಹೋಗ್ಯಾರ್ರಿ. ಬೆನ್ನ ನೋಡೋದು ನನಗ ಬಿಟ್ಟಾರ," ಅಂದರು.

ಕಾಲು ಮುಂದೋ, ತಲೆ ಮುಂದೋ

ನಮ್ಮ ಕಡೆ ಬೆನ್ನು ಹಿಡಿದರೆ, ಹುಟ್ಟುವಾಗ ಕಾಲು ಮುಂದಾಗಿ ಬಂದವರಿಂದ ಒದೆಸಿಕೊಳ್ಳುತ್ತಾರೆ. ನಾನೂ ಶಿರಹಟ್ಟಿಯವರೆಗೆ ಹೋಗಿ ಒದೆಸಿಕೊಂಡು, ನೋವು ಹೆಚ್ಚು ಮಾಡಿಕೊಂಡು ಬಂದವಳೇ. ಅಜ್ಜಿಗೆ ಮಾತ್ರ ಆ ನಂಬಿಕೆ ಅಲುಗಿರಲಿಲ್ಲ.

"ಡಾಕ್ಟರ, ನೀವು ಕಾಲು ಮುಂದಾಗಿ ಹುಟ್ಟೀರೇನ್ರಿ?"

"ಇಲ್ಲವ್ವಾ, ತಲೀನ ಮುಂದಾಗಿತ್ತು. ಅದಕ್ಕ ಇಷ್ಟು ವರ್ಷ ಓದಬೇಕಾತು ನೋಡ್ರಿ!"

ಲಟಕ್!

ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿ, "ಸಪ್ಪಳ ಬರ್ತೈತ್ರಿ, ಅಂಜಬ್ಯಾಡ್ರಿ. ಎಲುಬು ಮುರಿಯೂದಲ್ಲ, ಕೀಲಿನಾಗಿನ ಗಾಳಿ ಅದು," ಎಂದು ಮೊದಲೇ ಹೇಳಿ ಒತ್ತಿದರು. ಲಟ ಲಟ ಲಟ! ದೃಷ್ಟಿ ತೆಗೆಯುವಾಗ ಬೆರಳಿನ ಲಟಿಕೆ ಎಷ್ಟು ಮುರಿದರೆ ಅಷ್ಟು ಕಣ್ಣು ಬಿದ್ದಿದೆ ಎಂದು ಎಣಿಸುವ ಅಜ್ಜಿ ಕೂತಲ್ಲೇ ಕೈ ಮುಗಿದಳು.

"ಅಯ್ಯ ಶಿವನs, ಇಡೀ ಓಣೀದs ಕಣ್ಣು ಬಿದ್ದಿತ್ತಲ್ಲವ್ವಾ ನಿನಗ!"

ಡಾಕ್ಟರು ಮತ್ತೆ ಗಾಳಿಯ ವಿಷಯ ತಿಳಿಸಿ ಹೇಳಿದರು. ನಾನು ಅಜ್ಜಿಯ ಮಾತಿಗೇ ತಲೆಯಾಡಿಸಿದೆ. ನನ್ನ ಅಂಗಡಿ ನೋಡಿ ಹೊಟ್ಟೆ ಉರಿದುಕೊಳ್ಳುವವರ ಬಗ್ಗೆ ನನಗೂ ಅನುಮಾನ ಇದ್ದೇ ಇತ್ತು.

ಮಂಚದ ಮೇಲೆ ರೊಟ್ಟಿ

ನಾಲ್ಕಾರು ಸಲ ಹೋದ ಮೇಲೆ ನೋವು ಇಳಿಯಿತು. ಆದರೆ ಡಾಕ್ಟರು ಖಂಡಿತವಾಗಿ ಹೇಳಿದರು: "ಕುಂತು ಬಗ್ಗಿ ಬಡಿದರ ಮತ್ತ ಹಿಡಿತೈತ್ರಿ. ನಿಂತು ಬಡೀರಿ."

"ನಿಂತರ ಕೈಗೆ ಭಾರ ಹತ್ತೂದಿಲ್ಲ, ರೊಟ್ಟಿ ತೆಳ್ಳಗಾಗೂದಿಲ್ಲ. ಅದಕ್ಕಿಂತ ಮಷೀನs ಪಾಡ!"

"ಹಂಗಾರ ನಾಳೆ ಹಿಟ್ಟು ತರ್ರಿ. ಇಲ್ಲೇ ನೋಡೂಣಂತ."

ಹಠದಲ್ಲಿ ನನ್ನ ಸಮಕ್ಕೆ ನಿಂತವರನ್ನು ಕಂಡದ್ದು ಅದೇ ಮೊದಲು. ಮರುದಿನ ಹಿಟ್ಟು, ಹಲಗೆ ಎರಡೂ ಒಯ್ದೆ. ಡಾಕ್ಟರು ಮಂಚವನ್ನು ನನ್ನ ಸೊಂಟಕ್ಕೆ ಸರಿಯಾಗಿ ಏರಿಸಿ, ಹಲಗೆ ಇಟ್ಟು, ಪರದೆ ಎಳೆದರು. ನಿಂತು ಬಡಿದೆ. ಪಟ ಪಟ ಪಟ! ರೊಟ್ಟಿ ಎಲೆಯಷ್ಟು ತೆಳ್ಳಗೆ ಹರಡಿತು. ಬೆನ್ನು ಚಕಾರ ಎತ್ತಲಿಲ್ಲ. ಮಷೀನು ಬೇಡವೆಂದು ಸೊಸೆಗೆ ಅಲ್ಲಿಂದಲೇ ಫೋನು ಮಾಡಿದೆ. ಖುಷಿಗೆ ಇನ್ನೊಂದು ಉಂಡೆ ತೆಗೆದುಕೊಂಡೆ.

"ಜೋರ ಬಡೀರಿ! ಅಂಜಬ್ಯಾಡ್ರಿ, ಇನ್ನಷ್ಟು ತೆಳ್ಳಗಾಗ್ಲಿ!" ಎಂದು ಡಾಕ್ಟರು ಹುರಿದುಂಬಿಸಿದರು.

ಪರದೆಯಾಚೆ ಮುಂಡರಗಿ ಕಡೆಯ ಹೊಸ ಪೇಶಂಟೊಬ್ಬ ಕೂತಿದ್ದ. ಸೊಂಟ ಹಿಡಿದು, ಇಬ್ಬರ ಹೆಗಲ ಮೇಲೆ ಬಂದವನು. ಒಳಗಿನ ಸಪ್ಪಳ ಕೇಳಿದ, ಡಾಕ್ಟರ ಮಾತೂ ಕೇಳಿದ. ನಾವು ಪರದೆ ಸರಿಸುವುದರೊಳಗೆ ಅವನು ಮೆಟ್ಟಿಲಿಳಿದು, ರಸ್ತೆ ದಾಟಿ, ಹೊರಟಿದ್ದ ಬಸ್ಸನ್ನು ಓಡಿ ಹಿಡಿದಿದ್ದ.

ಹೊತ್ತು ತಂದ ಇಬ್ಬರು ಮಾತ್ರ ಅಲ್ಲೇ ಬಾಯಿ ತೆರೆದು ನಿಂತಿದ್ದರು. ಅವರಲ್ಲೊಬ್ಬ ಡಾಕ್ಟರಿಗೆ ಕೈಮುಗಿದ: "ಮುಟ್ಟದs ಗುಣಾ ಮಾಡಿದ್ರಲ್ರಿ ಯವ್ವಾ!"