ಕೊನೆ ಸಾಲಿಗೆ ಕೇಳಿಸದ ಮಹಾರಾಜರು

ಮಹಾರಾಜರ ನೆಮ್ಮದಿ ಕೆಟ್ಟದ್ದು ಬೆಳಗಿನ ಒಂದು ಫೋನಿನಿಂದ. ಇಪ್ಪತ್ತೆರಡು ವರ್ಷ ಒಂದೇ ಸಂಗೀತ ನಾಟಕದಲ್ಲಿ ರಾಜನ ಪಾರ್ಟು ಮಾಡಿದ್ದರಿಂದ ಬೀದಿಯೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಮನೆಯಲ್ಲಿ ಮಾತ್ರ ಆ ಹೆಸರು ನಡೆಯುತ್ತಿರಲಿಲ್ಲ.

"ನಿಮ್ಮ ನಾಟಕಾನ ಸಿನಿಮಾ ಮಾಡ್ತಿದೀವಿ. ಸಂಜೆ ಆಟಕ್ಕೆ ಬರ್ತೀನಿ. ರಾಜನ ಪಾರ್ಟಿಗೆ ನೀವೋ ಬೇರೆಯವರೋ, ಅಲ್ಲೇ ತೀರ್ಮಾನ," ಎಂದರು ಸಿನಿಮಾ ಡೈರೆಕ್ಟರು.

ಸುದ್ದಿ ಕೇಳಿ ಹೆಂಡತಿ ಸೌಟು ಕೆಳಗಿಟ್ಟಳು. "ಅವರ ಮುಂದಾದ್ರೂ ಕಿರುಚಬೇಡೀಂದ್ರೆ. ಸಿನಿಮಾದೋರು ಎಷ್ಟು ಮೆತ್ತಗೆ ಮಾತಾಡ್ತಾರೆ!"

ಮದುವೆ ವಿಡಿಯೋ ತೆಗೆಯುವ ಪಕ್ಕದ ಮನೆಯವನು ಕಾಂಪೌಂಡಿನ ಮೇಲಿಂದಲೇ ಕ್ಯಾಮೆರಾ ಶಾಸ್ತ್ರ ಬಿಚ್ಚಿದ. "ಅಣ್ಣಾ, ಹುಬ್ಬು ಕೂದಲೆಳೆಯಷ್ಟು ಎದ್ರೂ ತೆರೆ ಮೇಲೆ ಗುಡ್ಡ ಎದ್ದಂಗೆ ಕಾಣುತ್ತೆ. ಕೈಯಂತೂ ಎತ್ತಲೇಬೇಡಿ."

"ಉಸಿರೂ ಸ್ವಲ್ಪ ಕಮ್ಮಿ ಬಿಡಿ," ಎಂದು ಫೋನಿನಲ್ಲಿ ಹೇಳಿದಳು ನಾಟಕದ ರಾಣಿ ಪಾರ್ಟಿನಾಕೆ. ಆಕೆ ಜೀವಮಾನದಲ್ಲಿ ಮುಖ ಕೊಟ್ಟಿದ್ದ ಕ್ಯಾಮೆರಾ ಎಂದರೆ ಗುರುತಿನ ಚೀಟಿಯದು.

ಮಧ್ಯಾಹ್ನವೆಲ್ಲ ಮಹಾರಾಜರು ಕನ್ನಡಿ ಮುಂದೆ ಕೂತು, ಏನೂ ಮಾಡದೇ ಇರುವುದನ್ನು ಬೆವರು ಸುರಿಸಿ ಕಲಿತರು. ಈ ಪಾರ್ಟು ಕೈತಪ್ಪಿದರೆ ಇಷ್ಟು ವರ್ಷ ಹಾಡಿದ್ದೆಲ್ಲ ಗಾಳಿಗೆ ಹೋಯಿತಲ್ಲ ಎಂಬ ಚಿಂತೆ ಬೇರೆ.

ಸಂಜೆ ಹೌಸ್‌ಫುಲ್. ಮುಂದಿನ ಸಾಲಿನಲ್ಲೇ ಡೈರೆಕ್ಟರು. ಯುದ್ಧಕ್ಕೆ ಹೊರಡುವ ಹಾಡು ಬಂತು. ಎಂದಿನಂತೆ ಗುಡುಗಬೇಕಾದ ಮಹಾರಾಜರು ಕೈಕಟ್ಟಿ ನಿಂತು, ಮಗು ಮಲಗಿರುವ ಕೋಣೆಯಲ್ಲಿ ಮಾತಾಡುವವರ ಹಾಗೆ ಗುನುಗಿದರು.

"ಕೇಳಿಸ್ತಿಲ್ಲ ಸ್ವಾಮೀ!" ಕೊನೆ ಸಾಲು ಕೂಗಿತು.

ಪರದೆ ಪಕ್ಕ ಪುಸ್ತಕ ಹಿಡಿದು, ಮರೆತವರಿಗೆ ಮಾತು ಹೇಳಿಕೊಡುವ ಪ್ರಾಂಪ್ಟರ್ ಗಾಬರಿಯಾದ. ಮಹಾರಾಜರು ಹಾಡು ಮರೆತಿದ್ದಾರೆ! ಎರಡು ಸಲ ಮೆಲ್ಲಗೆ ಹೇಳಿಕೊಟ್ಟ. ಆಸಾಮಿ ಬರೀ ತುಟಿ ಆಡಿಸುತ್ತಿದ್ದಾರೆ. ನಾಟಕದ ಮಾನ ಹೋಗುತ್ತಲ್ಲಪ್ಪ ಎಂದುಕೊಂಡು, ಪುಸ್ತಕ ನೋಡಿಕೊಂಡೇ ಇಡೀ ಹಾಡನ್ನು ಗಂಟಲು ಹರಿಯುವಂತೆ ಹಾಡಿಬಿಟ್ಟ. ಚಪ್ಪಾಳೆಗೆ ಸೂರು ಹಾರಿಹೋಗುವಂತಾಯಿತು.

ಆಟ ಮುಗಿದದ್ದೇ ತಡ, ಡೈರೆಕ್ಟರು ಒಳಗೆ ಓಡಿಬಂದು ಪ್ರಾಂಪ್ಟರನನ್ನು ತಬ್ಬಿಕೊಂಡರು. "ಈ ಅಬ್ಬರಕ್ಕೇ ಕಣ್ರೀ ನಾವು ನಾಟಕ ಹುಡುಕ್ಕೊಂಡು ಬಂದಿದ್ದು! ಮೆತ್ತಗೆ ಮಾತಾಡೋರು ನಮ್ಮಲ್ಲಿ ಬೀದಿಗೊಬ್ಬರಿದಾರೆ. ನೀವೇ ರಾಜ!"

"ಅಯ್ಯೋ ಸಾರ್, ಪುಸ್ತಕ ಇಲ್ದೆ ನನಗೆ ಒಂದು ಸಾಲೂ ಬರಲ್ಲ," ಎಂದ ಪ್ರಾಂಪ್ಟರ್.

"ಮತ್ತೆ... ನಾನು?" ಮಹಾರಾಜರ ದನಿ ಈಗಲೂ ಮೇಲೇಳಲಿಲ್ಲ.

ಡೈರೆಕ್ಟರು ಅವರ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮನ್ನ ಬಿಡ್ತೀವಾ? ಪೂರ್ತಿ ನಾಟಕ ಬಾಯಿಪಾಠ, ದನಿ ನೋಡಿದ್ರೆ ಪಕ್ಕದವನನ್ನ ದಾಟಲ್ಲ. ಕ್ಯಾಮೆರಾ ಹಿಂದೆ ನಿಂತು ಇವರಿಗೆ ಹೇಳ್ಕೊಡೋಕೆ ನಿಮಗಿಂತ ಒಳ್ಳೆ ಪ್ರಾಂಪ್ಟರ್ ಎಲ್ಲಿ ಸಿಗ್ತಾನೆ?"